ಎಡಕ್ಕೆ ಗಡಿ, ಎದುರಿಗೆ ಮೋಡ

2025ರ ಮೇ 21ರ ಸಂಜೆ. ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನದ ಕಾಕ್‌ಪಿಟ್‌ನಲ್ಲಿ, ಇಬ್ಬರು ಪೈಲಟ್‌ಗಳ ಬೆನ್ನ ಹಿಂದೆ ನೀವು ಕೂತಿದ್ದೀರಿ ಎಂದುಕೊಳ್ಳಿ. 36 ಸಾವಿರ ಅಡಿ ಎತ್ತರ. ಪಠಾಣ್‌ಕೋಟ್ ಹತ್ತಿರ. ರಾಡಾರ್ ಪರದೆಯಲ್ಲಿ ದಾರಿಗೆ ಅಡ್ಡವಾಗಿ ಕೆಂಪು ಹಬ್ಬುತ್ತಿದೆ.

ನಮ್ಮ ಕೊಪ್ಪಳದ ಮೇಲೆ ಅಡ್ಡಮಳೆಯ ಮೋಡ ಹೀಗೆ ಎದ್ದಿದ್ದರೆ ಎಡಕ್ಕೆ ಗದಗ, ಬಲಕ್ಕೆ ಸಿಂಧನೂರು. ಕೇಳಿಕೊಂಡು ಸುತ್ತಿ ಹೋಗಬಹುದಿತ್ತು. ಇಲ್ಲಿ ಎಡಕ್ಕಿರುವುದು ಪಾಕಿಸ್ತಾನ. ಭಾರತ-ಪಾಕಿಸ್ತಾನ ಸಂಘರ್ಷದ ಗುಂಡಿನ ಸದ್ದು ನಿಂತು ಹನ್ನೊಂದೇ ದಿನ. ಎರಡೂ ದೇಶಗಳು ಒಂದಕ್ಕೊಂದು ಆಕಾಶ ಮುಚ್ಚಿವೆ.

ಎಡಕ್ಕೆ ಸರಿಯಲು ಬಿಡಿ ಎಂದು ಪೈಲಟ್‌ಗಳು ವಾಯುಪಡೆಯ ನಾರ್ದರ್ನ್ ಕಂಟ್ರೋಲನ್ನು ಕೇಳುತ್ತಾರೆ. ಒಪ್ಪಿಗೆ ಇಲ್ಲ. ಲಾಹೋರನ್ನು ಕೇಳುತ್ತಾರೆ. ಅಲ್ಲಿಯೂ ಇಲ್ಲ. ನಿಮ್ಮ ಬಾಯಿ ಒಣಗುತ್ತದೆ, ಮೂಗಿಗೆ ಬೆವರಿನ ವಾಸನೆ. ತುರ್ತು ಬಂದರೆ ನಿಯಮ ಮೀರುವ ಹಕ್ಕು ಕ್ಯಾಪ್ಟನ್‌ಗಿದೆ. ಆದರೆ ಗಡಿಯಾಚೆ ಕ್ಷಿಪಣಿ ಕಾಯುತ್ತ ಕೂತವನಿಗೂ ಅದು ಗೊತ್ತಾಗಬೇಕಲ್ಲ! ಹಿಂದಕ್ಕೆ ತಿರುಗೋಣವೆಂದರೆ ಮೋಡ ಆಗಲೇ ಮೈಮೇಲೆ ಬಂದಿದೆ. ನುಗ್ಗುವುದೇ ಸರಿ ಎಂದಾಗುತ್ತದೆ.

ಬೆಳಕು ಸಾಯುತ್ತದೆ. ಗಂಗಾವತಿಯ ರೈಸ್ ಮಿಲ್ಲಿನ ತಗಡಿನ ಮೇಲೆ ಆಣೆಕಲ್ಲು ಸುರಿದಂತೆ ಸದ್ದು. ಆಟೋಪೈಲಟ್ ಕೈಬಿಡುತ್ತದೆ. ವೇಗದ ಅಂಕಿ ನಂಬುವಂತಿಲ್ಲ. ಗಾಳಿ ವಿಮಾನವನ್ನು ಮೇಲಕ್ಕೆ ಎಸೆಯುತ್ತದೆ. ಮರುಕ್ಷಣ ಕೆಳಗೆ! ನಿಮಿಷಕ್ಕೆ 8,500 ಅಡಿ. ಹೊಟ್ಟೆ ಗಂಟಲಿಗೆ ಬರುತ್ತದೆ, ಬೆಲ್ಟು ಹೆಗಲು ಕೊಯ್ಯುತ್ತದೆ. ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುತ್ತಿವೆ ಎಂದು ಸ್ಟಾಲ್ ಎಚ್ಚರಿಕೆ. ವೇಗ ಮಿತಿ ಮೀರಿತು ಎಂದು ಇನ್ನೊಂದು. ಯಾವುದನ್ನು ನಂಬುವುದು? ಸೈಡ್‌ಸ್ಟಿಕ್ ಹಿಡಿದು ಕೈಯಲ್ಲೇ ಹಾರಿಸುತ್ತಾರೆ. ಮೊದಲು ವಿಮಾನ ಹತೋಟಿಗೆ ಬರಬೇಕು, ಮಾತು ಆಮೇಲೆ.

ಮೋಡ ಹರಿಯುತ್ತದೆ. ಚೆಕ್‌ಲಿಸ್ಟ್ ಮುಗಿಸಿ ಶ್ರೀನಗರಕ್ಕೆ ಕರೆ ಹೋಗುತ್ತದೆ: ‘ಪ್ಯಾನ್ ಪ್ಯಾನ್’. ಮೇಡೇಗಿಂತ ಒಂದು ಮೆಟ್ಟಿಲು ಕೆಳಗಿನ ಕೂಗು ಇದು: ಅವಸರವಿದೆ, ದಾರಿ ತೋರಿಸಿ. ನನ್ನ ಲೆಕ್ಕದಲ್ಲಿ ನೆಲದಿಂದ ಮೊದಲ ಸಲ ‘ಇಲ್ಲ’ ಬಂದಾಗಲೇ ಈ ಮಾತು ಆಡಬೇಕಿತ್ತು. ನೆಲದ ಮೇಲಿನ ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ, ಬಿಡಿ.

ಶ್ರೀನಗರದಲ್ಲಿ ಚಕ್ರಗಳು ನೆಲ ಮುಟ್ಟುತ್ತವೆ. ಹವಾಮಾನ ರಾಡಾರನ್ನು ಕಾಯುವ ಮೂಗಿನ ಕವಚವೇ ಒಡೆದುಹೋಗಿದೆ. ಒಳಗಿದ್ದ 220ಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೂ ಗಾಯವಾಗಿಲ್ಲ.