ಎಂಟು ಬಿದ್ದರೆ ಇನ್ನೊಂದು ಆಟ

ಬ್ರೌಸರಿನಲ್ಲೇ ನಾಲ್ಕು ಊರಿನವರು ಒಟ್ಟಿಗೆ ಕೂತು ಆಡಬಹುದು ಎಂಬುದು 2012ರಲ್ಲಿ ನಮಗೆ ಹಬ್ಬದಂಥ ಸುದ್ದಿ. ಅಲ್ಲಿಯವರೆಗೆ ಬ್ರೌಸರು ಕೇಳಿದರಷ್ಟೇ ಸರ್ವರು ಬಾಯಿ ಬಿಡುತ್ತಿತ್ತು. ಎದುರಿನವರು ಕಾಯಿ ನಡೆಸಿದರೇ ಎಂದು ಮತ್ತೆ ಮತ್ತೆ ವಿಚಾರಿಸುತ್ತಲೇ ಇರಬೇಕಿತ್ತು. ವೆಬ್‌ಸಾಕೆಟ್ ಬಂದ ಮೇಲೆ ಒಮ್ಮೆ ತೆರೆದ ದಾರಿ ತೆರೆದೇ ಉಳಿಯಿತು. ಆ ಮಾರ್ಚಿನಲ್ಲಿ ಮೊಜಿಲ್ಲಾದವರು ಬ್ರೌಸರ್‌ಕ್ವೆಸ್ಟ್ ಎಂಬ ಪುಟ್ಟ ಆಟ ಹೊರತಂದು, ಅದರ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ವಿಜಯನಗರದ ಬಾಡಿಗೆ ಮನೆಯಲ್ಲಿ ನಾವು ಅದನ್ನು ಧಾರಾವಾಹಿಯ ಹಾಗೆ ರಾತ್ರಿ ಒಂದಿಷ್ಟು ಓದುತ್ತಿದ್ದೆವು.

ನಮ್ಮದೂ ಒಂದಿರಲಿ ಎಂದಾಗ ಚೌಕಾಬಾರ ಬಿಟ್ಟು ಬೇರೆ ಹೆಸರೇ ಬರಲಿಲ್ಲ. 25 ಮನೆ, ನಾಲ್ಕು ಕವಡೆ, ನಾಲ್ಕು ಜನ. ಯಾವ ಭಾಷೆಯಲ್ಲಿ ಬರೆಯುವುದು ಎಂಬಲ್ಲಿಂದ ಜಗಳ ಶುರು.

ಪುತ್ತೂರಿನ ಗೆಳೆಯನದು ಜಾವಾಸ್ಕ್ರಿಪ್ಟ್ ಪಕ್ಷ. ಅದನ್ನು ಸರ್ವರಿನಲ್ಲೂ ಓಡಿಸುವ ನೋಡ್ ಇರುವಾಗ ಬ್ರೌಸರಿಗೂ ಸರ್ವರಿಗೂ ಒಂದೇ ಭಾಷೆ ಸಾಕಲ್ಲ, ಎಂತಕ್ಕೆ ಮಾರಾಯ ಎರಡೆರಡು? ಧಾರವಾಡದವನು ಒಪ್ಪುವವನಲ್ಲ. ಕವಡೆಯ ಲೆಕ್ಕ ಸಂಖ್ಯೆಯಾಗಿ ಬರದೆ ಪಠ್ಯವಾಗಿ ಬಂದರೆ ಆ ಭಾಷೆ ತಕರಾರಿಲ್ಲದೆ ಎರಡನ್ನೂ ಅಂಟಿಸಿಬಿಡುತ್ತದೆ ಎಂದು ತೆರೆಯ ಮೇಲೆ ಮಾಡಿ ತೋರಿಸಿದ. ಮೂರನೇ ಮನೆಯ ಕಾಯಿಗೆ ನಾಲ್ಕು ಬಿದ್ದರೆ ಏಳಕ್ಕೆ ಹೋಗಬೇಕು. ಅದು 34ಕ್ಕೆ ಹೋಯಿತು. "ತಪ್ಪನ್ನ ಬಾಗಲದಾಗ ಹಿಡೀಬೇಕೋ. ಒಳಗ ಬಿಟ್ಕೊಂಡು ಆಮ್ಯಾಲೆ ಹುಡುಕೋದಲ್ಲ" ಎಂದ. ಸಂಖ್ಯೆ, ಪಠ್ಯ ಎಂಬಂಥ ಟೈಪುಗಳನ್ನು ಮೊದಲೇ ಗೊತ್ತುಮಾಡುವುದರ ಪರವಾಗಿ ಇಷ್ಟು ಚೆನ್ನಾದ ವಾದವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಶನಿವಾರ ಬರುತ್ತಿದ್ದ ಮೈಸೂರಿನ ಗೆಳತಿಯದು ಎರ್ಲಾಂಗ್. ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಹುಟ್ಟಿದ ಭಾಷೆ ಅದು. ಒಂದು ಕರೆ ಕಡಿದುಹೋದರೆ ಉಳಿದವು ನಿಲ್ಲಬಾರದು. ಹಾಗೆಯೇ ಒಬ್ಬ ಆಟಗಾರನ ನೆಟ್ ಹೋದರೆ ಉಳಿದ ಮೂವರ ಆಟ ಕೆಡಬಾರದು ಎನ್ನುತ್ತಿದ್ದಳು. ಕುಕ್ಕರು ಕೂಗಿ ಕೂಗಿ ಸುಮ್ಮನಾಗುತ್ತಿತ್ತು, ನಮ್ಮ ಮಾತು ಮುಗಿಯುತ್ತಿರಲಿಲ್ಲ.

ಕೊನೆಗೆ ಜಾವಾಸ್ಕ್ರಿಪ್ಟೇ ಗೆದ್ದಿತು. ಬ್ರೌಸರಿನಲ್ಲಿ ಹೇಗೂ ಅದು ಬೇಕೇ ಬೇಕಿತ್ತು. ಆದರೆ ಕವಡೆ ಹಾಕುವುದು ಸರ್ವರೇ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆಟಗಾರನ ಕಂಪ್ಯೂಟರಿನಲ್ಲೇ ಕವಡೆ ಹಾಕಿಸಿದರೆ ಅವನು ಬೇಕಾದ ಲೆಕ್ಕ ಬರೆದುಕೊಳ್ಳಬಹುದು.

ಮೊದಲು ಆಡಿದ ಹಿರಿಯರು ಮೈಸೂರಿನ ಗೆಳತಿಯ ಅಜ್ಜಿ. ಸ್ವಲ್ಪ ಹೊತ್ತಿಗೇ ಕೈ ತೆಗೆದು, "ಇದೇನೇ, ಇಷ್ಟು ಸಲ ಎಂಟು ಬೀಳತ್ತಾ? ಇದು ಕವಡೆ ಅಲ್ಲ ಕಣೇ" ಎಂದರಂತೆ. ಅವರ ಮಾತು ಪೂರಾ ಸರಿ. ನಮ್ಮ ಕೋಡು ಒಂದು, ಎರಡು, ಮೂರು, ನಾಲ್ಕು, ಎಂಟು ಇವುಗಳಲ್ಲಿ ಒಂದನ್ನು ಸಮಪಾಲಿನಲ್ಲಿ ಆರಿಸುತ್ತಿತ್ತು. ನಿಜವಾದ ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಎಂದಿಟ್ಟುಕೊಂಡರೆ, ನಾಲ್ಕೂ ಸೇರಿ ಬೀಳುವ ಬಗೆ 16. ಅದರಲ್ಲಿ ಎರಡು ಬರುವ ಬಗೆ ಆರು, ಎಂಟಕ್ಕೆ ಒಂದೇ ಒಂದು. ನಾಲ್ಕು ಅಥವಾ ಎಂಟು ಬಿದ್ದರೆ ಇನ್ನೊಂದು ಆಟ ಸಿಗುತ್ತದಲ್ಲ, ಅದು 16ಕ್ಕೆ ಎರಡು ಸಲ ಸಿಗಬೇಕಾದದ್ದು ಐದಕ್ಕೆ ಎರಡು ಸಲ ಸಿಗುತ್ತಿತ್ತು. ಅಷ್ಟು ಧಾರಾಳವಾದರೆ ಎಂಟು ಬಿದ್ದಾಗ ಕೂಗುವುದಕ್ಕೆ ಏನುಳಿಯಿತು? ಕೋಡಿನಲ್ಲೂ ನಾಲ್ಕು ಕವಡೆಗಳನ್ನು ಬೇರೆ ಬೇರೆಯಾಗಿ ಹಾಕಿಸಿದೆವು. ಅಜ್ಜಿಯ ಅಂಗೈಗೆ ಗೊತ್ತಿದ್ದ ಗಣಿತ ನಮ್ಮ ಯಾವ ಭಾಷೆಗೂ ಗೊತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ.

2015ರಲ್ಲಿ ಬ್ರೆಜಿಲಿನ 19ರ ಹುಡುಗ ಮಥೇಯುಸ್ ವಲಡಾರೆಸ್ ಅಗಾರ್.ಐಓ ಎಂಬ ಬ್ರೌಸರ್ ಆಟ ಬರೆದು ಜಗತ್ತನ್ನೇ ಕುಣಿಸಿದಾಗ ನಾವು ಬೇರೆ ಬೇರೆ ಊರು ಸೇರಿದ್ದೆವು. ಒಂದು ರಾತ್ರಿ ನಾಲ್ವರೂ ಆಡಿದೆವು. ಧಾರವಾಡದವನ ದೊಡ್ಡ ಉಂಡೆ ನನ್ನ ಸಣ್ಣ ಉಂಡೆಯನ್ನು ನುಂಗಿತು. ಅಷ್ಟಕ್ಕೇ ಅವನು ಫೋನು ಮಾಡಿ ನಕ್ಕ.

ಆಮೇಲೆ ಅವನು ಗೋ ಭಾಷೆ ಹಿಡಿದ. ಅದರಲ್ಲಿ ಜೆನೆರಿಕ್ಸ್ ಇಲ್ಲ, ಒಂದೇ ಕೆಲಸವನ್ನು ಒಂದೊಂದು ಟೈಪಿಗೂ ಹೊಸದಾಗಿ ಬರೆಯಬೇಕು ಎಂದು ವರ್ಷಗಟ್ಟಲೆ ಪೇಚಾಡಿದ. 2022ರ ಮಾರ್ಚಿನಲ್ಲಿ ಗೋ 1.18 ಅದನ್ನು ತಂದ ದಿನ ನಮ್ಮ ಗುಂಪಿಗೆ ಬೆಳಿಗ್ಗೆಯೇ ಅವನ ಸಂದೇಶ ಬಂತು: "ಬಂತಲ್ರೋ!" ಅಷ್ಟೆಲ್ಲ ಯಾಕೆ ಬೇಕು ಎಂದು ಪುತ್ತೂರಿನವನು ಕೇಳಿದ. ಎರ್ಲಾಂಗಿನಲ್ಲಿ ಈ ತಾಪತ್ರಯವೇ ಇಲ್ಲ ಎಂದಳು ಮೈಸೂರಿನವಳು. ಮಧ್ಯಾಹ್ನದ ಊಟದ ಹೊತ್ತಿಗೆ ಮೂವರೂ ಉದ್ದುದ್ದ ಬರೆಯುತ್ತಿದ್ದರು, ನಾನೂ ತಟ್ಟೆ ಬದಿಗಿಟ್ಟು ಸೇರಿಕೊಂಡೆ.