ಕಡಲ ಬದಿಯ ಡೇರೆಯಲ್ಲಿ ಒಂದು ರಾತ್ರಿ

ಕಡಲ ಬದಿಯಲ್ಲೇ ಹುಟ್ಟಿ ಬೆಳೆದವಳೊಬ್ಬಳು ಕಡಲ ಹತ್ತಿರ ಒಂದು ರಾತ್ರಿ ಮಲಗಲು ಮುಂಗಡವಾಗಿ ಜಾಗ ಕಾದಿರಿಸಿ, ಹಣ ಕಟ್ಟಿ, ಬೆನ್ನಿಗೆ ಗಂಟು ಹೊತ್ತು ನಡೆದು ಹೋದಳೆಂದರೆ ನಿಮಗೆ ನಗು ಬಾರದಿರದು. ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಈ ವಿಷಯ ಹೇಳಿದಾಗ ನಾನೂ ನಕ್ಕಿದ್ದೆ. "ಉಳ್ಳಾಲದವಳಿಗೆ ಕಡಲು ತೋರಿಸುತ್ತೀಯಾ?" ಎಂದು ಕೇಳಿದ್ದೆ. ಆದರೆ ಆ ನಗುವಿನ ಹಿಂದೆ ಹೆದರಿಕೆಯಿತ್ತು. ಅದನ್ನು ಮೊದಲೇ ನಿಮಗೆ ಹೇಳಿಬಿಡುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ ಉಳ್ಳಾಲದ ನಮ್ಮ ಮನೆ ಕಡಲ ಪಾಲಾಯಿತು. ಮೊದಲು ಪಡುಬದಿಯ ತೆಂಗಿನ ಮರಗಳು ಒಂದೊಂದಾಗಿ ಉರುಳಿದವು. ಮತ್ತೆ ಬಾವಿಯ ನೀರು ಉಪ್ಪಾಯಿತು. ಚಾವಡಿಯ ಗೋಡೆ ಕುಸಿದ ರಾತ್ರಿ ಕೈಗೆ ಸಿಕ್ಕಿದ ಪಾತ್ರೆಗಳನ್ನು ಗೋಣಿಗೆ ತುಂಬಿಸಿ, ಆರು ವರ್ಷದ ಮಗಳ ಕೈ ಹಿಡಿದು ಹೊರಬಿದ್ದೆ. ಆ ಬಳಿಕ ನಾವು ಮನೆ ಮಾಡಿದ್ದು ಕಡಲಿನ ಸದ್ದು ಕೇಳದ ಕಡೆ. ಮಕ್ಕಳನ್ನು ಕಡಲ ಕಿನಾರೆಗೆ ಕಳುಹಿಸಲಿಲ್ಲ. ನಾನೂ ಹೋಗಲಿಲ್ಲ. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡ ಸಹೋದರಿಯರು ನಿಮ್ಮಲ್ಲಿ ಇದ್ದರೆ ಅವರಿಗೆ ಇದು ಅರ್ಥವಾದೀತು.

ಈಗ ಅದೇ ಮಗಳು ಎಂಟು ವರ್ಷದ ಹೆಣ್ಣುಮಗುವಿನ ತಾಯಿ. ಅವಳು ಕರೆದಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ಮಾರುವ ಮೊದಲೇ ಉಳಿದ ತೀರ

ನಾವು ಹೋದದ್ದು ಪಾಯಿಂಟ್ ರೇಸ್ ರಾಷ್ಟ್ರೀಯ ಕಡಲತೀರಕ್ಕೆ. ಸಾನ್ ಫ್ರಾನ್ಸಿಸ್ಕೊ ನಗರದಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಅರುವತ್ತು ವರ್ಷಗಳ ಹಿಂದೆ ಅಲ್ಲಿಯೂ ನಿವೇಶನಗಳನ್ನು ಗುರುತಿಸಿ ಮನೆ ಕಟ್ಟುವ ಕೆಲಸ ಶುರುವಾಗಿತ್ತಂತೆ. 1962ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನಿನಿಂದಾಗಿ ಆ ತೀರ ಎಲ್ಲರ ಸೊತ್ತಾಗಿ ಉಳಿಯಿತು. ಇಂದು ಮೈಲುಗಟ್ಟಲೆ ನಡೆದರೂ ಕಡಲ ಬದಿಯಲ್ಲಿ ಒಂದು ಹೊಟೇಲು, ಒಂದು ಅಂಗಡಿ ಕಾಣಸಿಗದು.

ಅಲ್ಲಿಯ ನೆಲವೂ ಸ್ಥಿರವಲ್ಲ. ಸಾನ್ ಆಂಡ್ರಿಯಾಸ್ ಎಂಬ ಭೂಮಿಯ ಬಿರುಕು ಈ ಭಾಗವನ್ನು ಉಳಿದ ನಾಡಿನಿಂದ ಬೇರ್ಪಡಿಸುತ್ತದೆ. 1906ರ ಭೂಕಂಪದಲ್ಲಿ ಬಿರುಕಿನ ಒಂದು ಬದಿ ಇನ್ನೊಂದು ಬದಿಯಿಂದ ಕ್ಷಣಮಾತ್ರದಲ್ಲಿ ಸುಮಾರು 5 ಮೀಟರ್ ಸರಿಯಿತು. ಅದನ್ನು ತೋರಿಸಲು ಒಂದು ಮರದ ಬೇಲಿಯನ್ನು ನಡುವೆ ತುಂಡಾಗಿಸಿ ಅಷ್ಟೇ ದೂರದಲ್ಲಿ ನಿಲ್ಲಿಸಿದ್ದಾರೆ. ನನ್ನ ಕಣ್ಣಿಗೆ ಮಾತ್ರ ಉಳ್ಳಾಲದ ನಮ್ಮ ಕಂಪೌಂಡ್ ಗೋಡೆಯೇ ಕಂಡಿತು.

ಈ ಉದ್ಯಾನದಲ್ಲಿ ನಡೆದೇ ತಲುಪಬೇಕಾದ ನಾಲ್ಕು ಕ್ಯಾಂಪ್‌ಗಳಿವೆ. ಅವುಗಳಲ್ಲಿ ನಾವು ಆರಿಸಿದ್ದು ಕೋಸ್ಟ್ ಕ್ಯಾಂಪ್. ಗುಡ್ಡ ಹತ್ತಿ ಇಳಿಯುವ ದಾರಿ ಸುಮಾರು 3 ಕಿ.ಮೀ., ಕಡಲ ಕಡೆಯಿಂದ ಸುತ್ತಿ ಬರುವ ಸಪಾಟು ದಾರಿ ಸುಮಾರು 4.5 ಕಿ.ಮೀ. ನನ್ನ ಮೊಣಕಾಲನ್ನು ನೆನೆದು ಅಳಿಯ "ಮಾಮಿ, ನಾವು ಸುತ್ತು ದಾರಿಯಲ್ಲೇ ಹೋಗುವ" ಎಂದರು.

ಬೆನ್ನ ಮೇಲಿನ ಮನೆ

ಕಾರು ನಿಲ್ಲಿಸಿದ ಮೇಲೆ ಎಲ್ಲವನ್ನೂ ಹೊರಬೇಕು. ಟೆಂಟ್, ಮಲಗುವ ಚೀಲಗಳು, ಅಂಗೈ ಅಗಲದ ಗ್ಯಾಸ್ ಒಲೆ, ನೀರು, ತಲೆಗೆ ಕಟ್ಟುವ ಟಾರ್ಚ್, ಊಟ. ಹಿಂದಿನ ರಾತ್ರಿ ನಾನು ಕಟ್ಟಿದ್ದ ಗಂಟನ್ನು ಮಗಳು ಬಿಚ್ಚಿ, ಅದರಿಂದ ಎರಡು ಸೀರೆ, ಸ್ಟೀಲ್ ತಟ್ಟೆಗಳು, ಉಪ್ಪಿನಕಾಯಿಯ ಭರಣಿ ಹೊರತೆಗೆದಿದ್ದಳು. ಉಳಿಸಿದ್ದು ಕೋರಿ ರೊಟ್ಟಿಯ ಕಟ್ಟು ಮಾತ್ರ. ಸಹೋದರಿಯರೇ, ಇಂತಹ ಪ್ರಯಾಣಕ್ಕೆ ನಮ್ಮ ಒಣರೊಟ್ಟಿಯಂತಹ ಆಹಾರ ಬೇರೊಂದಿಲ್ಲ. ಹಗುರ, ಹಳಸುವುದಿಲ್ಲ, ಬೇಯಿಸಬೇಕಿಲ್ಲ. ಫ್ಲಾಸ್ಕ್‌ನಲ್ಲಿ ಬಿಸಿ ಕೋಳಿಸಾರು ಒಯ್ದರೆ ರಾತ್ರಿಯ ಊಟ ಮುಗಿಯಿತು.

ಅಕ್ಟೋಬರ್ ಮೊದಲ ವಾರ. ಅಲ್ಲಿ ಬೇಸಿಗೆಯಲ್ಲಿ ಮಂಜು ಕವಿದಿರುತ್ತದೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿಯೇ ಬಿಸಿಲು ಹೆಚ್ಚು. ದಾರಿಯ ಎರಡೂ ಬದಿ ಕುರುಚಲು ಪೊದೆಗಳು. ಮೂರೆಲೆಯ ಒಂದು ಗಿಡವನ್ನು ತೋರಿಸಿ ಮೊಮ್ಮಗಳು, "ಅಜ್ಜಿ, ಇದನ್ನು ಮುಟ್ಟಬೇಡಿ, ಮೈಯೆಲ್ಲ ತುರಿಕೆ" ಎಂದು ಎಚ್ಚರಿಸಿದಳು. ಪಾಯ್ಸನ್ ಓಕ್ ಎಂದು ಅದರ ಹೆಸರು. ಮೂರು ಸಲ ಕುಳಿತು ಎದ್ದು ನಾನೂ ತಲುಪಿದೆ.

ಕ್ಯಾಂಪ್ ಎಂದರೆ ಏನೋ ಸೌಕರ್ಯವಿದ್ದೀತು ಎಂದುಕೊಳ್ಳಬೇಡಿ. ಕಡಲಿನಿಂದ ಇನ್ನೂರು ಗಜದಷ್ಟು ಒಳಗೆ, ಸಣ್ಣ ಕಣಿವೆಯ ಹುಲ್ಲು ನೆಲ. ಪ್ರತಿ ಜಾಗಕ್ಕೂ ಒಂದು ಮರದ ಮೇಜು, ಇದ್ದಿಲಿನ ಒಲೆ, ಆಹಾರ ಇಡಲು ಗಟ್ಟಿ ಮುಚ್ಚಳದ ಕಬ್ಬಿಣದ ಪೆಟ್ಟಿಗೆ. ಎಲ್ಲರಿಗೂ ಸೇರಿ ಒಂದು ನಳ್ಳಿ, ನೀರಿಲ್ಲದ ಗುಂಡಿ ಶೌಚಾಲಯ. ದೀಪವಿಲ್ಲ, ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ, ಕಸದ ತೊಟ್ಟಿಯೂ ಇಲ್ಲ. ತಂದದ್ದನ್ನೆಲ್ಲ, ಕಿತ್ತಳೆ ಸಿಪ್ಪೆಯನ್ನು ಸಹ, ಮರಳಿ ಹೊತ್ತೊಯ್ಯಬೇಕು.

ಕಟ್ಟಿಗೆ ಉರಿಸುವಂತಿಲ್ಲ. ಇದಕ್ಕೆ ಕಾರಣವಿದೆ. 1995ರ ಅಕ್ಟೋಬರ್‌ನಲ್ಲಿ ಇದೇ ಉದ್ಯಾನದ ಬೆಟ್ಟವೊಂದರಲ್ಲಿ ಕೆಲವು ಹುಡುಗರು ಅನುಮತಿಯಿಲ್ಲದೆ ಹಾಕಿದ ಬೆಂಕಿ ಸರಿಯಾಗಿ ಆರಿರಲಿಲ್ಲ. ಗಾಳಿಗೆ ಅದು ಹಬ್ಬಿ 12,000 ಎಕರೆಗೂ ಹೆಚ್ಚು ಪ್ರದೇಶವನ್ನೂ 40ಕ್ಕೂ ಹೆಚ್ಚು ಮನೆಗಳನ್ನೂ ಸುಟ್ಟಿತು.

ಆಹಾರದ ಪೆಟ್ಟಿಗೆ ಏಕೆಂಬುದು ನಮಗೆ ಅನುಭವದಿಂದ ತಿಳಿಯಿತು. ಮೊಮ್ಮಗಳು ತನ್ನ ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಟ್ಟಿದ್ದಳು. ಕತ್ತಲಾಗುತ್ತಲೇ ರಕೂನ್ ಎಂಬ, ಕಣ್ಣಿನ ಸುತ್ತ ಕಪ್ಪು ಪಟ್ಟಿಯುಳ್ಳ ಬೆಕ್ಕಿಗಿಂತ ದೊಡ್ಡ ಪ್ರಾಣಿ ಬಂದು, ಮನುಷ್ಯರ ಹಾಗೆ ಕೈಯಿಂದ ಜಿಪ್ ಎಳೆದು ಪೊಟ್ಟಣ ಹೊತ್ತುಕೊಂಡು ಹೋಯಿತು. ಅವಳು ಅತ್ತಳು. ನಾವು ನಕ್ಕೆವು.

ಕಡಲು ಬೆನ್ನಿಗೆ

ಕಡಲಿಗೆ ಇಳಿಯುವ ಮೊದಲು ಅಳಿಯ ಒಂದು ನಿಯಮ ಹೇಳಿದರು. ಉದ್ಯಾನದವರೂ ಎಲ್ಲರಿಗೂ ಅದನ್ನೇ ಹೇಳುತ್ತಾರೆ: ಕಡಲಿಗೆ ಎಂದೂ ಬೆನ್ನು ಹಾಕಬೇಡಿ. ಶಾಂತವಾಗಿ ಕಾಣುವ ಆ ನೀರಿನಲ್ಲಿ ಹತ್ತಿಪ್ಪತ್ತು ನಿಮಿಷ ಸಣ್ಣ ಅಲೆಗಳೇ ಬಂದು, ಹಠಾತ್ತನೆ ಒಂದು ದೊಡ್ಡ ಅಲೆ ದಡದ ಮೇಲೆ ಬಹಳ ದೂರ ನುಗ್ಗುತ್ತದೆ. ನೀರು ಮೂಳೆ ಕೊರೆಯುವಷ್ಟು ತಣ್ಣಗೆ. ಎಳೆದೊಯ್ದರೆ ಈಜು ಬಲ್ಲವರಿಗೂ ಕೈಕಾಲು ಮರಗಟ್ಟುತ್ತದೆ. ಸಮುದ್ರದ ನೀರಿನಿಂದ ವುಝೂ ಆಗುತ್ತದಾದರೂ ನಾವು ನಳ್ಳಿಯಿಂದ ಬಾಟಲಿಯಲ್ಲಿ ನೀರು ಹಿಡಿದು ತಂದೆವು. ಒಂದೊಂದು ಬಾಟಲಿಯಲ್ಲಿ ವುಝೂ ಮುಗಿಸಿದಾಗ, ಮನೆಯಲ್ಲಿ ನಳ್ಳಿ ತೆರೆದಿಟ್ಟು ಎಷ್ಟು ನೀರು ಹರಿಸುತ್ತೇವೆಂಬುದು ನೆನಪಿಗೆ ಬಂತು.

ಮಗ್ರಿಬ್ ಸಮಯ. ಸೂರ್ಯ ಕೊಲ್ಲಿಯಾಚೆಯ ಭೂಶಿರದ ಹಿಂದೆ ಇಳಿದಿದ್ದ. ಅಳಿಯ ದಿಕ್ಸೂಚಿ ನೋಡಿ ಕಿಬ್ಲಾ ತೋರಿಸಿದರು. ನನಗೆ ನಂಬಿಕೆ ಬರಲಿಲ್ಲ. ಉಳ್ಳಾಲದಲ್ಲಿ ನಮಗೆ ಕಿಬ್ಲಾ ಎಂದರೆ ಕಡಲ ಕಡೆ. ಹುಟ್ಟಿದಂದಿನಿಂದ ಅಲೆಗಳಿಗೆ ಮುಖ ಮಾಡಿ ನಮಾಝ್ ಮಾಡಿದವರು ನಾವು. ಅಲ್ಲಿಂದಾದರೆ ಭೂಗೋಳದ ಮೇಲಿನ ಹತ್ತಿರದ ದಾರಿಯಲ್ಲಿ ಮಕ್ಕಾ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದ ದಿಕ್ಕಿಗೆ ಬೀಳುತ್ತದೆ. ಕಡಲು ಸರಿಯಾಗಿ ಬೆನ್ನ ಹಿಂದೆ!

ಟೆಂಟಿನ ಬಳಿ, ಅಲೆ ಮುಟ್ಟದ ಹುಲ್ಲು ನೆಲದಲ್ಲಿಯೇ ಚಾಪೆ ಹಾಸಿದೆವು. ಆದರೂ ನಿಮ್ಮಲ್ಲಿ ಸುಳ್ಳು ಹೇಳಲಾರೆ. ಆ ಮೂರು ರಕಅತ್‌ಗಳಲ್ಲಿ ನನ್ನ ಕಿವಿ ಪೂರ್ತಿ ಹಿಂದೆಯೇ ಇತ್ತು. ಸುಜೂದ್‌ಗೆ ಹೋದಾಗಲೆಲ್ಲ ಅಲೆಯ ಸದ್ದು ಹತ್ತಿರ ಬಂದಂತೆ ಆಗುತ್ತಿತ್ತು. ಅಲ್ಲಾಹನು ಕ್ಷಮಿಸಲಿ.

ಮಗಳು ಹೇಳಿದ್ದು

ರಾತ್ರಿ ಎಚ್ಚರವಾದಾಗ ಗಂಟೆ ಎರಡು ಇರಬಹುದು. ಟೆಂಟ್‌ನ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರಾಚೆ ಕಡಲು. ಗೋಡೆಯೇ ಇಲ್ಲದ ಮನೆಯಲ್ಲಿ ಮಲಗಿದ್ದೇನೆ ಎಂಬ ಯೋಚನೆಗೆ ಎದೆ ಹೊಡೆದುಕೊಂಡಿತು. ಹೊರಬಂದು ಮೇಜಿನ ಬಳಿ ಕುಳಿತೆ. ಸ್ವಲ್ಪ ಹೊತ್ತಿಗೆ ಮಗಳೂ ಬಂದು ನನ್ನ ಹೆಗಲಿಗೆ ಶಾಲು ಹೊದೆಸಿದಳು.

"ಉಮ್ಮಾ, ಆ ರಾತ್ರಿ ಹಿಂದೆ ತಿರುಗಿ ನೋಡಬೇಡ ಅಂತ ನೀವು ಹೇಳಿದ್ದಿರಿ. ನಾನು ನೋಡಿದ್ದೆ" ಎಂದಳು.

ಮೂವತ್ತು ವರ್ಷಗಳಲ್ಲಿ ನಾವು ಆ ರಾತ್ರಿಯ ಮಾತೆತ್ತಿರಲಿಲ್ಲ. "ಏನು ಕಂಡೆ?" ಎಂದೆ.

"ಅಡುಗೆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ನೀವು ಆರಿಸಲು ಮರೆತಿದ್ದಿರಿ. ಯಾರೋ ಒಳಗೆ ಇದ್ದಾರೆ, ನಾವು ಅವರನ್ನು ಬಿಟ್ಟು ಬಂದೆವು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವಳೇ ಮುಂದುವರಿಸಿದಳು. "ಆರು ವರ್ಷ ಈ ಸದ್ದು ಕೇಳುತ್ತಾ ಮಲಗಿದವಳು ನಾನು. ಹೊಸ ಮನೆಯಲ್ಲಿ ಬಹಳ ಸಮಯ ನನಗೆ ನಿದ್ದೆ ಬರುತ್ತಿರಲಿಲ್ಲ. ಕಡಲಿಗೆ ಕರೆದುಕೊಂಡು ಹೋಗಿ ಅಂದರೆ ನೀವು ಬೈಯುತ್ತಿದ್ದಿರಿ. ಇಲ್ಲಿಗೆ ಮೊದಲ ಸಲ ಬಂದ ರಾತ್ರಿ ನಾನು ಬೆಳಗಿನವರೆಗೆ ಎಚ್ಚರವಿಲ್ಲದೆ ಮಲಗಿದೆ."

ಮಕ್ಕಳನ್ನು ಕಡಲಿನಿಂದ ಉಳಿಸಿದೆ ಎಂದೇ ನಾನು ಇಷ್ಟು ಕಾಲ ತಿಳಿದಿದ್ದೆ. ನನ್ನ ಹೆದರಿಕೆ ನನಗೆ ಸರಿ. ಆದರೆ ಅದನ್ನೇ ಮಕ್ಕಳಿಗೂ ಹೊದೆಸಿ, ಅವರಿಗೆ ಏನು ಬೇಕಿತ್ತೆಂದು ಕೇಳದೇ ಹೋದೆನಲ್ಲ! ತಾಯಂದಿರೇ, ನಿಮ್ಮ ಮನೆಯಲ್ಲೂ ಯಾರೂ ಮಾತೆತ್ತದ ಒಂದು ರಾತ್ರಿ ಇದ್ದರೆ, ಮಕ್ಕಳು ಆ ದಿನ ಏನು ಕಂಡರೆಂದು ಒಮ್ಮೆ ಕೇಳಿ ನೋಡಿ.

ಆ ರಾತ್ರಿ ನನಗೆ ಮತ್ತೆ ನಿದ್ದೆ ಬರಲಿಲ್ಲ. ಆದರೆ ಫಜ್ರ್‌ನಲ್ಲಿ, ಸಲಾಮ್ ಹೇಳಿದ ಮೇಲೆಯೇ ನನಗೆ ಹಿಂದಿನ ಕಡಲಿನ ನೆನಪಾದದ್ದು. ಅಲ್‌ಹಮ್ದುಲಿಲ್ಲಾಹ್.

ಬೆಳಿಗ್ಗೆ ನೀರಿಳಿತದ ಹೊತ್ತು ನೋಡಿಕೊಂಡು ದಡದಲ್ಲಿ ನಡೆದೆವು. ನೀರಿನಿಂದ ತಲೆಯೆತ್ತಿದ ಸೀಲ್ ಒಂದು ನಮ್ಮನ್ನೇ ನೋಡುತ್ತಿತ್ತು. ಕಂದು ಪೆಲಿಕನ್ ಹಕ್ಕಿಗಳು ಅಲೆಯ ನೆತ್ತಿಗೆ ತಾಗುವಂತೆ ಸಾಲಾಗಿ ಹಾರಿದವು. ಮರಳಿ ಬಂದು ಟೆಂಟ್ ಮಡಚಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದು ಮನೆಯನ್ನು ನನ್ನ ಕೈಯಿಂದ ಕಡಲು ಕಿತ್ತುಕೊಂಡಿತ್ತು. ಇದನ್ನು ನಾನೇ ಬಿಚ್ಚಿ ಚೀಲಕ್ಕೆ ಹಾಕಿದೆ. ಉಳಿದದ್ದು ಬಾಗಿದ ಹುಲ್ಲು ಮಾತ್ರ. ಹೊರಡುವಾಗ ಮೊಮ್ಮಗಳ ಕೈ ಹಿಡಿದು ಒಮ್ಮೆ ಹಿಂತಿರುಗಿ ನೋಡಿದೆ.

ಹೊರಡುವವರಿಗೆ

ಅಲ್ಲಿ ನೆಲೆಸಿರುವ ನಮ್ಮವರು ಹೋಗುವುದಾದರೆ ಕೆಲವು ಮಾತು. ಜಾಗವನ್ನು ಮೊದಲೇ ಕಾದಿರಿಸಿ, ಒಂದು ಜಾಗದಲ್ಲಿ ಆರು ಮಂದಿಗೆ ಅವಕಾಶ. ನಳ್ಳಿಯ ನೀರು ಕುಡಿಯಲು ಯೋಗ್ಯವೇ ಎಂಬ ಸೂಚನೆ ಓದಿ, ಸಂಶಯವಿದ್ದರೆ ಕುದಿಸಿ. ಶೌಚಾಲಯಕ್ಕೆ ನಿಮ್ಮದೇ ಒಂದು ನೀರಿನ ಬಾಟಲಿ ಬೇರೆಯೇ ಇರಲಿ. ಬುರ್ಖಾದ ಅಂಚು ಇಬ್ಬನಿಗೆ ಒದ್ದೆಯಾಗಿ ಭಾರವಾಗುತ್ತದೆ. ಸಡಿಲವಾದ ಸಲ್ವಾರ್, ಉದ್ದನೆಯ ಕೋಟು, ಗಟ್ಟಿ ಶೂ ಅನುಕೂಲ. ರಾತ್ರಿಗೆ ಉಣ್ಣೆಯ ಟೊಪ್ಪಿ ಬೇಕೇ ಬೇಕು. ನಮಾಝ್ ವೇಳಾಪಟ್ಟಿಯನ್ನು ಬರೆದುಕೊಂಡು ಹೋಗಿ.

ಊರಿನ ಕಡಲ ಬದಿಯಲ್ಲಿ ಟೆಂಟ್ ಹಾಕುವ ಆಸೆ ಮಕ್ಕಳಿಗಿದ್ದರೆ ಮಳೆಗಾಲದಲ್ಲಿ ಖಂಡಿತ ಬೇಡ. ಉಳಿದ ಸಮಯದಲ್ಲೂ ಅನುಮತಿ ಇದೆಯೇ ಎಂದು ವಿಚಾರಿಸಿ, ಅಲ್ಲಿಯ ಮೀನುಗಾರರ ಮಾತು ಕೇಳಿ, ಉಬ್ಬರದ ಗೆರೆಗಿಂತ ಸಾಕಷ್ಟು ಮೇಲೆ ಜಾಗ ನೋಡಿ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ನಾನೊಬ್ಬಳೇ ಉಳ್ಳಾಲಕ್ಕೆ ಹೋದೆ. ನಮ್ಮ ಮನೆಯಿದ್ದ ಜಾಗ ಈಗ ನೀರಿನೊಳಗೆ. ತಡೆಗೋಡೆಯ ಕಲ್ಲುಗಳ ಈಚೆ ನಿಂತು ಮಗಳಿಗೆ ಫೋನ್ ಮಾಡಿದೆ. ಹೆಚ್ಚು ಮಾತಾಡಲಿಲ್ಲ. ಫೋನನ್ನು ಅಲೆಗಳ ಕಡೆಗೆ ಹಿಡಿದೆ, ಅವಳು ಸ್ವಲ್ಪ ಹೊತ್ತು ಕೇಳಿದಳು.