ಚಿಟಗುಪ್ಪ: ಜ್ವರ ಹೋದ ಮೇಲೆ ಉಳಿದದ್ದು

ಕಳೆದ ನವೆಂಬರಿನ ಒಂದು ಭಾನುವಾರ ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಹೊರಟೆ. ಹುಮನಾಬಾದ್ ಮುಟ್ಟಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ ಒಂದು ಕಪ್ ಚಹಾ ಕುಡಿದು ಚಿಟಗುಪ್ಪದ ಬಸ್ಸು ಹತ್ತಿದೆ. ರಸ್ತೆಯ ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ನಡುನಡುವೆ ಕೆಮ್ಮಣ್ಣಿನ ದಿಬ್ಬಗಳು, ಜಂಬಿಟ್ಟಿಗೆ ಕಲ್ಲಿನ ಹಳೆಯ ಗೋಡೆಗಳು. ಬಸ್ಸಿನೊಳಗೆ ಕನ್ನಡ, ಉರ್ದು, ಮರಾಠಿ, ತೆಲುಗು ಒಂದಕ್ಕೊಂದು ಹೆಣೆದುಕೊಂಡ ಮಾತು. ನಮ್ಮ ಬೀದರ್ ಸೀಮೆಯ ಈ ಗಡಿಬಿಡಿ ನನಗೆ ಯಾವತ್ತೂ ಬೇಸರ ತಂದಿಲ್ಲ.

ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿದ್ದ ಚಿಟಗುಪ್ಪ ಈಗ ತಾನೇ ತಾಲ್ಲೂಕು ಕೇಂದ್ರ. ಹೊಸ ಅಂಗಡಿಗಳು, ಹೊಸ ಫಲಕಗಳು ಬಂದಿವೆ. ಆದರೆ ಮುಖ್ಯ ರಸ್ತೆ ಬಿಟ್ಟು ಓಣಿಯೊಳಗೆ ಕಾಲಿಟ್ಟರೆ ಹಳೆಯ ಊರು ಹಾಗೆಯೇ ಇದೆ. ಮನೆ ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ನೀರಿನ ಡ್ರಮ್ಮು. ಆ ಡ್ರಮ್ಮುಗಳನ್ನು ಕಂಡೊಡನೆ 2006ನೇ ಇಸವಿ ಕಣ್ಣ ಮುಂದೆ ಬಂದು ನಿಂತಿತು.

ಆಗ ನಾನು ಈ ಊರಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಒಂದು ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಒಡತಿಯನ್ನು ಅಕ್ಕ ಎಂದು ಕರೆಯುತ್ತಿದ್ದೆ. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದೇ ಆಕೆ ಜೋಳದ ರೊಟ್ಟಿ ಬಡಿಯುವ ಸದ್ದಿಗೆ. ಆಕೆಯ ಮಗ ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಸೊಳ್ಳೆಯ ಜೀವನಚಕ್ರದ ಪಾಠ ಬಂದಾಗ, “ಯಾರಾದರೂ ಲಾರ್ವಾ ಹಿಡಿದು ತನ್ನಿರಿ” ಎಂದು ಹೇಳಿದ್ದೆ. ಮರುದಿನ ಅವನು ಗಾಜಿನ ಬಾಟಲಿ ತುಂಬ ತಂದ. ಬಾಲ ಮೇಲೆ, ತಲೆ ಕೆಳಗೆ ಮಾಡಿ ನೀರಿನ ಮೇಲ್ಮೈಗೆ ಜೋತುಬಿದ್ದ ಹುಳುಗಳು. ಬಾಲದ ಕೊಳವೆಯಿಂದ ಅವು ಉಸಿರಾಡುವುದನ್ನು ಇಡೀ ತರಗತಿಗೆ ತೋರಿಸಿದೆ. ಹುಡುಗನ ಬೆನ್ನು ತಟ್ಟಿದೆ. ಬಾಟಲಿ ಎಲ್ಲಿಂದ ತುಂಬಿ ತಂದೆ ಎಂದು ಮಾತ್ರ ಕೇಳಲಿಲ್ಲ. ಅದು ನಮ್ಮದೇ ಅಂಗಳದ ಡ್ರಮ್ಮಿನ ನೀರು.

ಆ ಬೇಸಿಗೆಯಲ್ಲಿ ಜ್ವರ ಬಂತು. ಓಣಿಯಲ್ಲಿ ಒಬ್ಬರ ನಂತರ ಒಬ್ಬರು ಮಲಗಿದರು. ಮೊದಲ ದಿನವೇ ಮೈ ಕೆಂಡದಂತೆ ಸುಡುವುದು, ಮಣಿಕಟ್ಟು, ಬೆರಳು, ಹಿಮ್ಮಡಿ, ಮೊಣಕಾಲು ಹಿಡಿದುಕೊಳ್ಳುವುದು. ಗಟ್ಟಿಮುಟ್ಟಾದ ಗಂಡಸರು ಗೋಡೆ ಹಿಡಿದು ನಡೆಯುತ್ತಿದ್ದರು. ಹೆಸರಿನಲ್ಲಿ ‘ಚಿಕನ್’ ಎಂಬ ಸದ್ದು ಕೇಳಿ ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು. ಕೋಳಿಗೂ ಇದಕ್ಕೂ ಸಂಬಂಧವಿಲ್ಲ. 1952ರಲ್ಲಿ ಈಗಿನ ಟಾಂಜಾನಿಯಾದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಈ ರೋಗವನ್ನು ಮೊದಲು ಗುರುತಿಸಲಾಯಿತು. ನೋವಿನಿಂದ ಮೈ ಬಾಗಿಹೋಗುವುದಕ್ಕೆ ಅಲ್ಲಿನವರು ಹೇಳುವ ಮಾತೇ ಚಿಕೂನ್‌ಗುನ್ಯಾ.

ನಮ್ಮ ದೇಶಕ್ಕೂ ಇದು ಹೊಸದಾಗಿರಲಿಲ್ಲ. 1963ರಲ್ಲಿ ಕೋಲ್ಕತ್ತ, 1964ರಲ್ಲಿ ಚೆನ್ನೈ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಈ ಜ್ವರ ಕಂಡಿದ್ದವು. ಆಮೇಲೆ ಮೂರು ದಶಕ ಅದರ ದೊಡ್ಡ ಹಾವಳಿ ಇರಲಿಲ್ಲ, ಜನ ಮರೆತರು. 2005ರ ಕೊನೆಗೆ ಮತ್ತೆ ಕಾಣಿಸಿಕೊಂಡಾಗ ಕರ್ನಾಟಕದಲ್ಲಿ ಮೊದಮೊದಲು ನಲುಗಿದ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಸೇರಿದ್ದವು. 2006ರಲ್ಲಿ ಸರ್ಕಾರಿ ಲೆಕ್ಕದ ಪ್ರಕಾರ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಏಳೂವರೆ ಲಕ್ಷ, ನಮ್ಮ ರಾಜ್ಯದವೇ.

ಅಂದು ಬಾಟಲಿ ತಂದ ಹುಡುಗ ಈಗ ಮನೆ ಕಟ್ಟಿಸಿದ್ದಾನೆ. ಅದರ ಗೃಹಪ್ರವೇಶಕ್ಕೇ ನಾನು ಹೋದದ್ದು. ಊಟವಾದ ಮೇಲೆ ಅಕ್ಕ ಪಕ್ಕದಲ್ಲಿ ಕುಳಿತರು.

“ಹಬ್ಬದ ಊಟ ಆಯ್ತು ಅಕ್ಕ, ನಿಮ್ಮ ರೊಟ್ಟಿ ತಿನ್ನಬೇಕಂತ ಬಂದಿದ್ದೆ” ಎಂದೆ.

“ರೊಟ್ಟಿ ಈಗ ಸೊಸಿ ಮಾಡ್ತಾಳ್ರಿ ಸರ. ಆ ಜ್ವರದಾಗ ಬಿಟ್ಟಿದ್ದು, ಮತ್ತ ಹಂಚಿನ ಮುಂದ ಕೂಡ್ಲೇ ಇಲ್ಲ. ಜ್ವರ ನಾಕು ದಿನಕ್ಕ ಹೋಯ್ತು. ಬ್ಯಾನಿ ಮೂರು ವರ್ಷ ಇತ್ತು. ಮುಂಜಾನೆದ್ರ ಬೆರಳು ಮಡಚಾಕ ಬರ್ತಿದ್ದಿಲ್ಲ. ಜ್ವರ ಹೋಗ್ಯಾದ, ಇನ್ನೇನು ನೋವು ಅಂತಿದ್ರು ಮನ್ಯಾಗ. ಕೆಲಸಗಳ್ಳಿ ಅಂದ್ರು. ನೀವೂ ಅಂದಿದ್ರಿ, ಮನಸ್ಸು ಗಟ್ಟಿ ಮಾಡ್ಕೋರಿ ಅಕ್ಕ ಅಂತ.”

ಆಕೆ ನಗುತ್ತಲೇ ಹೇಳಿದರು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು ಅಂದು ಹಾಗೆ ಹೇಳಿದ್ದು ನಿಜ.

ಅದು ಮನಸ್ಸಿನ ನೋವಾಗಿರಲಿಲ್ಲ. ಈ ರೋಗದಲ್ಲಿ ಬಹಳ ಮಂದಿ ಕೆಲವು ವಾರಗಳಲ್ಲಿ ಪೂರ್ತಿ ಗುಣವಾಗುತ್ತಾರೆ. ಉಳಿದವರಲ್ಲಿ ಕೀಲುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರುತ್ತದೆ. ಹೋಗಿ ಮತ್ತೆ ಮರಳುವುದೂ ಉಂಟು. ವಯಸ್ಸು 45 ದಾಟಿದವರಲ್ಲಿ, ಹೆಂಗಸರಲ್ಲಿ, ಮೊದಲ ದಿನಗಳಲ್ಲಿ ನೋವು ತೀವ್ರವಾಗಿದ್ದವರಲ್ಲಿ ಇದು ಹೆಚ್ಚು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005–06ರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಸೋಂಕು ತಗುಲಿತು. ಅಲ್ಲಿ ವೈದ್ಯರು ಬೆನ್ನುಬಿಡದೆ ಗಮನಿಸಿದ ಒಂದು ಗುಂಪಿನ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ವರ್ಷಗಳ ನಂತರವೂ ಕೀಲುನೋವು ಹೇಳುತ್ತಿದ್ದರು. ಒಬ್ಬ ರೋಗಿಯ ಕೀಲಿನ ಪೊರೆಯಲ್ಲಿ ಒಂದೂವರೆ ವರ್ಷದ ಬಳಿಕವೂ ವೈರಸ್ಸಿನ ಅಂಶ ಸಿಕ್ಕಿತು. ರಕ್ತದಿಂದ ವೈರಸ್ಸು ಹೋದರೂ ಕೀಲಿನಲ್ಲಿ ಅದರ ತುಣುಕು ಉಳಿಯಬಹುದು. ಅದರ ವಿರುದ್ಧ ದೇಹ ಹೂಡಿದ ಹೋರಾಟ ಬೇಗ ತಣಿಯುವುದಿಲ್ಲ. ಬಾವು, ಬೆಳಗಿನ ಬಿಗಿತ ಎಲ್ಲವೂ ಅದರ ಫಲ.

ಅಕ್ಕ ಆ ಮೂರು ವರ್ಷ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದರಂತೆ. ಹೊಟ್ಟೆ ಉರಿ ಹತ್ತಿದ ಮೇಲೆ ಬಿಟ್ಟರಂತೆ. ಇದನ್ನು ಪಾಲಕರು ಗಮನಿಸಬೇಕು. ಜ್ವರದ ದಿನಗಳಲ್ಲಿ ಅದು ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಆಸ್ಪಿರಿನ್‌ನಂತಹ ಗುಳಿಗೆ ಬೇಡ, ರಕ್ತಸ್ರಾವದ ಅಪಾಯವಿದೆ. ವೈದ್ಯರು ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್, ವಿಶ್ರಾಂತಿ, ಸಾಕಷ್ಟು ನೀರು. ನೋವಿನ ಗುಳಿಗೆಗಳನ್ನು ನಮ್ಮಷ್ಟಕ್ಕೆ ನಾವೇ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಮೂರು ತಿಂಗಳಾದರೂ ಕೀಲು ಬಾತು ನೋಯುತ್ತಿದ್ದರೆ ಕೀಲುರೋಗ ತಜ್ಞರನ್ನು ಕಾಣಬೇಕು. ಈ ಜ್ವರದ ನಂತರದ ನೋವು ಕೆಲವೊಮ್ಮೆ ಸಂಧಿವಾತದಂತೆಯೇ ಇರುತ್ತದೆ. ಅದಕ್ಕೆ ಔಷಧವೂ ಇದೆ, ಮೈಗೆ ತಕ್ಕ ಹಗುರ ವ್ಯಾಯಾಮವೂ ಇದೆ. ಎಲ್ಲಕ್ಕಿಂತ ಮೊದಲು, ನೋವು ಎನ್ನುವವರ ಮಾತನ್ನು ಮನೆಯವರು ನಂಬಬೇಕು.

ಹೊರಡುವ ಮುನ್ನ ಹೊಸ ಮನೆಯ ಹಿತ್ತಲು ನೋಡಲು ಹೋದೆ. ನಾಲ್ಕನೆಯ ತರಗತಿ ಓದುವ ಮೊಮ್ಮಗಳು ಜೊತೆಗೆ ಬಂದಳು. ಮೇಲಿನ ಟ್ಯಾಂಕಿಗೆ ಮುಚ್ಚಳವಿತ್ತು. ಆದರೆ ಮನೆ ಕಟ್ಟುವಾಗ ನೀರು ಹಿಡಿದಿಟ್ಟ ಡ್ರಮ್ಮೊಂದು ಮೂಲೆಯಲ್ಲಿ ತೆರೆದೇ ಇತ್ತು. ಬಗ್ಗಿ ನೋಡಿದೆವು. ತಲೆ ಕೆಳಗಾಗಿ ಜೋತುಬಿದ್ದ ಅವೇ ಹುಳುಗಳು.

“ಅಜ್ಜಾ, ಬಾಟ್ಲಿ ತರ್ಲೇನ್ರಿ? ಸಾಲಿಗೆ ಒಯ್ತೀನಿ” ಎಂದಳು.

“ತಾ ಮಗಳೇ” ಎಂದೆ. ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ತೋರಿಸಿದೆ. ಕಾಲಿನ ಮೇಲೆ ಬಿಳಿ ಪಟ್ಟೆಯಿರುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಹುಟ್ಟಿದ ಮನೆಯ ಸುತ್ತಮುತ್ತಲೇ ಬದುಕುತ್ತದೆ ಎಂದೆ. ಮೊಟ್ಟೆ ಸೊಳ್ಳೆಯಾಗಲು ಬಿಸಿಲುಕಾಲದಲ್ಲಿ ಒಂದು ವಾರ, ಹತ್ತು ದಿನ ಸಾಕು ಎಂದೂ ಹೇಳಿದೆ. ಇಷ್ಟನ್ನು ಅವಳ ಅಪ್ಪನಿಗೂ ಹೇಳಿದ್ದೆ. ಅಂದು ಹೇಳದೆ ಬಿಟ್ಟ ಅರ್ಧ ಪಾಠವನ್ನು ಈಗ ಸೇರಿಸಿದೆ: “ಸಾಲಿಯಾಗ ತೋರಿಸಿದ ಮೇಲೆ ಇದನ್ನು ಒಣ ನೆಲಕ್ಕೆ ಚೆಲ್ಲಬೇಕು. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಒಳಗಿನ ಗೋಡೆ ತಿಕ್ಕಿ ತೊಳೆಯಬೇಕು. ಯಾಕಂದರೆ ಮೊಟ್ಟೆ ಗೋಡೆಗೆ ಅಂಟಿರತದ, ಒಣಗಿದರೂ ತಿಂಗಳುಗಟ್ಟಲೆ ಸಾಯೂದಿಲ್ಲ.”

ಅವಳ ಅಪ್ಪ ಬಂದ. ಮೂವರೂ ಸೇರಿ ಡ್ರಮ್ಮು ಉರುಳಿಸಿದೆವು. ಕೆಮ್ಮಣ್ಣು ನೀರನ್ನು ಕುಡಿದುಬಿಟ್ಟಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗಿನಿಂದ ಒಂದು ತೆಂಗಿನ ನಾರು ತಂದು ಸೊಸೆಯ ಕೈಗೆ ಕೊಟ್ಟು, “ತಳದಾಗ ಚಂದ ತಿಕ್ಕವ್ವ” ಎಂದರು.